ಅಪ್ಪ ಕೊಟ್ಟ ಏಳು ಪುಸ್ತಕ

ಮನೆಯಲ್ಲಿ ಒಬ್ಬರಿಗೆ ಓದುವ ಹುಚ್ಚು ಇರುತ್ತದೆ. ಉಳಿದವರೂ ಓದಲಿ ಎಂದು ಅವರಿಗೆ ಆಸೆ. ಆಸೆ ಒಳ್ಳೆಯದೇ. ಆದರೆ ಇದೇ ಆಸೆಯಿಂದ ಮುನಿಸಿಕೊಂಡು ಗಂಡ ಹೆಂಡತಿ, ತಾಯಿ ಮಗ, ಅತ್ತೆ ಸೊಸೆ ಆಪ್ತಸಲಹೆಗೆಂದು ನನ್ನ ಮುಂದೆ ಬಂದು ಕೂತಿದ್ದಾರೆ. "ಎಷ್ಟು ಒಳ್ಳೆ ಪುಸ್ತಕ ತಂದುಕೊಟ್ಟರೂ ಮುಟ್ಟೋದಿಲ್ಲ" ಎಂಬ ದೂರು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಅದಕ್ಕೇ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ತಂದೆ ಬ್ಯಾಂಕಿನಿಂದ ನಿವೃತ್ತರಾದವರು. ಮನೆ ಬನಶಂಕರಿ ಕಡೆ. ಮಗಳಿಗೆ 26 ವರ್ಷ, ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಕೆಲಸ. ತಾಯಿ ಇಲ್ಲ. ಮೂರು ವರ್ಷದಿಂದ ಅಪ್ಪ ಮಗಳ ನಡುವೆ ಮಾತು ಕಮ್ಮಿಯಾಗುತ್ತಾ ಬಂದು "ಊಟ ಆಯ್ತಾ", "ಗೇಟ್ ಹಾಕಿದ್ಯಾ" ಎನ್ನುವಲ್ಲಿಗೆ ನಿಂತಿತ್ತು. ಮೊದಲ ಎರಡು ಭೇಟಿಯಲ್ಲಿ ನನಗೂ ಹೆಚ್ಚೇನೂ ಸಿಗಲಿಲ್ಲ.

ಮೂರನೇ ಸಲ ತಂದೆ ಒಂದು ಬಟ್ಟೆಚೀಲ ಹಿಡಿದು ಬಂದರು. ತರಕಾರಿ ತರುವ ಚೀಲ. ಕೂತವರೇ ಅದರಿಂದ ಒಂದೊಂದಾಗಿ ಏಳು ಪುಸ್ತಕ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟರು. ಎಲ್ಲಕ್ಕೂ ಅವರೇ ಬೈಂಡ್ ಹಾಕಿದ್ದರು, ಶಾಲೆ ಮಕ್ಕಳ ಪುಸ್ತಕಕ್ಕೆ ಹಾಕುತ್ತೇವಲ್ಲ ಹಾಗೆ, ಮೂಲೆಗಳನ್ನು ನೀಟಾಗಿ ಮಡಿಸಿ. ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ "ಪ್ರೀತಿಯ ಮಗಳಿಗೆ", ಕೆಳಗೆ ತಾರೀಖು.

"ನೋಡಿ ಮೇಡಂ, ಮೂರು ವರ್ಷದಲ್ಲಿ ಏಳು ಪುಸ್ತಕ. ಅವೆನ್ಯೂ ರಸ್ತೆ ಪೂರ್ತಿ ಸುತ್ತಿ ಹುಡುಕಿ ತಂದಿದ್ದೂ ಇದರಲ್ಲಿದೆ. ಒಂದನ್ನೂ ತೆರೆದಿಲ್ಲ ಇವಳು."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೈ ಚಾಚಿ ಮೊದಲನೆಯದನ್ನು ಎತ್ತಿಕೊಂಡಳು.

"ಇದು ನಾನು ಮೊದಲನೇ ಕೆಲಸ ಬಿಟ್ಟಾಗ ಕೊಟ್ಟಿದ್ದು. ಕಷ್ಟಪಟ್ಟು ಮೇಲೆ ಬಂದವರೊಬ್ಬರ ಆತ್ಮಕತೆ." ಪಕ್ಕಕ್ಕಿಟ್ಟಳು. "ಇದು ನಾನು ದಪ್ಪ ಆಗಿದೀನಿ ಅಂತ ಸೋದರತ್ತೆ ಹೇಳಿ ಹೋದ ವಾರ. ಯೋಗದ್ದು. ಇದು ನನ್ನ ಕ್ರೆಡಿಟ್ ಕಾರ್ಡ್ ಬಿಲ್ ಅಪ್ಪನ ಕೈಗೆ ಸಿಕ್ಕಾಗ. ಉಳಿತಾಯ ಹೇಗೆ ಮಾಡಬೇಕು ಅಂತ." ನಾಲ್ಕನೆಯದರ ಹೆಸರನ್ನು ಅವಳು ಹೇಳಲಿಲ್ಲ. "ಇದು ಮದುವೆ ಈಗ ಬೇಡ ಅಂದಾಗ" ಎಂದು ಬೋರಲು ಹಾಕಿದಳು. ಐದು, ಆರು ಹೀಗೇ ಹೋದವು. ಕೊನೆಯದು ಡಿವಿಜಿಯವರ ಮಂಕುತಿಮ್ಮನ ಕಗ್ಗ. "ಇದು ನಾನು ಅಪ್ಪನ ಮೇಲೆ ಕೂಗಾಡಿದ ಮಾರನೇ ದಿನ."

ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪ ಕೊಟ್ಟ ಒಂದೊಂದು ಪುಸ್ತಕದಲ್ಲೂ ನಂದೊಂದು ತಪ್ಪು ಇದೆ ಮೇಡಂ. ತೆರೆದರೆ ಅದೇ ಕಾಣುತ್ತೆ. ಹೇಗೆ ಓದ್ಲಿ?"

ತಂದೆಯ ಕೈ ಚೀಲದ ಹಿಡಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು. "ನಾನು ಹಾಗಂದ್ಕೊಂಡು ಕೊಟ್ಟಿದ್ದಲ್ಲ ಪುಟ್ಟಿ" ಎಂದರು. ಮತ್ತೆ ನನಗೆ: "ಇವರಮ್ಮ ಇದ್ದಾಗ ಮಾತೆಲ್ಲ ಅವಳೇ ಆಡ್ತಿದ್ದಳು. ನನಗೆ ಮಾತು ಬರಲ್ಲ ಮೇಡಂ. ಪುಸ್ತಕ ಕೊಟ್ಟರೆ ನನ್ನ ಪರವಾಗಿ ಅದು ಹೇಳುತ್ತೆ ಅಂದ್ಕೊಂಡೆ."

ಕಗ್ಗ ಬಂದದ್ದು 1943ರಲ್ಲಿ. ನಾಲ್ಕು ಸಾಲಿನ 945 ಪದ್ಯ. ಎಲ್ಲಿ ಬೇಕಾದರೂ ತೆರೆದು ಓದಬಹುದು, ಓದಿ ಮುಚ್ಚಿಡಬಹುದು. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥ ಪುಸ್ತಕವೂ ಜಗಳದ ಮಾರನೇ ದಿನ ಕೈಗೆ ಬಂದರೆ ಬೈಗುಳದ ಹಾಗೆ ಕೇಳಿಸುತ್ತದೆ. ಇದರಲ್ಲಿ ಪುಸ್ತಕದ ತಪ್ಪು ಏನೂ ಇಲ್ಲ. ಕೊಟ್ಟ ದಿನದ್ದು ತಪ್ಪು.

ನಾನು ತಂದೆಯನ್ನು ಕೇಳಿದೆ: "ಸರ್, ನಿಮಗೆ ಓದೋ ಹುಚ್ಚು ಹಿಡಿಸಿದ್ದು ಯಾವ ಪುಸ್ತಕ? ದೊಡ್ಡ ಪುಸ್ತಕ ಬೇಡ. ಮೊಟ್ಟಮೊದಲನೇದು ಹೇಳಿ."

ಅವರು ಮಗಳ ಕಡೆ ಒಮ್ಮೆ ನೋಡಿದರು. ಹೇಳಲೋ ಬೇಡವೋ ಎಂಬ ಹಾಗೆ. "ಎನ್. ನರಸಿಂಹಯ್ಯನವರದ್ದು. ಪತ್ತೇದಾರ ಪುರುಷೋತ್ತಮನ ಕತೆ. ನಮ್ಮ ಬೀದಿ ಕೊನೇಲಿ ಬಾಡಿಗೆಗೆ ಪುಸ್ತಕ ಕೊಡೋ ಅಂಗಡಿ ಇತ್ತು. ದಿನಕ್ಕೆ ಹತ್ತು ಪೈಸೆ. ಲೆಕ್ಕದ ನೋಟ್‌ಬುಕ್ ಒಳಗೆ ಇಟ್ಕೊಂಡು ಓದ್ತಿದ್ದೆ. ನಮ್ಮಪ್ಪ ಒಂದ್ಸಲ ಹಿಡಿದು ಬಾರಿಸಿದ್ರು."

ಮಗಳು ತಲೆ ಎತ್ತಿದಳು. "ಅಪ್ಪಾ, ನೀವು ಪತ್ತೇದಾರಿ ಓದ್ತಿದ್ರಾ?"

"ಓದ್ತಿದ್ದೆ ಅಂದ್ರೆ? ಒಂದು ವರ್ಷ ಅದು ಬಿಟ್ಟು ಬೇರೇನೂ ಓದಿಲ್ಲ."

"ಅದನ್ನ ನಿಮಗೆ ಓದಿ ಅಂತ ಹೇಳಿದ್ದು ಯಾರು?" ನಾನು ಕೇಳಿದೆ.

"ಯಾರು ಹೇಳ್ತಾರೆ? ಪಕ್ಕದ ಮನೆ ಹುಡುಗ. 'ಲೋ, ಓದಿದ್ರೆ ರಾತ್ರಿ ಹಿತ್ತಿಲಿಗೆ ಹೋಗೋಕೆ ಭಯ ಆಗುತ್ತೆ ಕಣೋ' ಅಂದ. ಅಷ್ಟೇ."

ಆ ದಿನದ ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅನ್ನಬಹುದು. ಆ ಹುಡುಗ ಇವರನ್ನು ತಿದ್ದಲು ಹೊರಟಿರಲಿಲ್ಲ. ತನಗೆ ಆದ ಭಯದಲ್ಲಿ ಗೆಳೆಯನಿಗೂ ಒಂದು ಪಾಲು ಕೊಟ್ಟ. ಐವತ್ತು ವರ್ಷ ಆದ ಮೇಲೂ ಆ ಮಾತು ಇವರಿಗೆ ನೆನಪಿದೆ.

ಈ ಪ್ರಕರಣ ನನ್ನನ್ನು ಜಾಸ್ತಿ ಕಾಡಿದ್ದಕ್ಕೆ ಬೇರೊಂದು ಕಾರಣ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿಗೆ, ಸಾವಿನ ದುಃಖದ ಬಗ್ಗೆಯೇ ಬರೆದ ಒಂದು ಪುಸ್ತಕವನ್ನು ನಾನೇ ಕೊಟ್ಟಿದ್ದೆ. ಅವರು ಕೇಳಿರಲಿಲ್ಲ. ವಾರ ಬಿಟ್ಟು ಪುಸ್ತಕ ವಾಪಸ್ ಬಂತು, ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ. ಅವರು ಮತ್ತೆ ಬರಲಿಲ್ಲ. ಈ ಹುಡುಗಿಯ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ದಾರ.

ತಂದೆಗೆ ನಾನು ಹೇಳಿದ್ದು ಇಷ್ಟು. ಆರು ತಿಂಗಳು ಮಗಳಿಗೆ ಯಾವ ಪುಸ್ತಕವನ್ನೂ ಕೊಡಬೇಡಿ. ಅವಳಿಗೆ ಏನಾದರೂ ತೊಂದರೆ ಇದ್ದಾಗ ಅಂತೂ ಕೊಡಲೇಬೇಡಿ. ಹೇಳುವುದಿದ್ದರೆ ಬಾಯಲ್ಲೇ ಹೇಳಿ, ತೊದಲಿದರೂ ಪರವಾಗಿಲ್ಲ. ಅದಕ್ಕೆ ಮೊದಲು ಅವಳಿಂದ ಒಂದು ಪುಸ್ತಕ ಕೇಳಿ ತೆಗೆದುಕೊಳ್ಳಿ. ಅವಳು ಖುಷಿಯಿಂದ ಓದಿದ್ದು ಯಾವುದಾದರೂ ಸರಿ. ಅದನ್ನು ಕೊನೆಯ ಪುಟದವರೆಗೆ ಓದಿ. ಚೆನ್ನಾಗಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ, ಆದರೆ ಓದಿ ಮುಗಿಸಿದ ಮೇಲೆ.

ಆರು ತಿಂಗಳು ಜಾಸ್ತಿಯಾಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದ ಮಾಡಿದರು. ಮಾತು ಬಾರದ ಮನುಷ್ಯನಿಗೆ ಇದ್ದ ಒಂದೇ ದಾರಿಯನ್ನೂ ಮುಚ್ಚಿದೆ ಎಂದರು. ಪುಸ್ತಕದಿಂದ ಮನಸ್ಸಿಗೆ ಚಿಕಿತ್ಸೆ ಮಾಡುವ ಪದ್ಧತಿಯೇ ಇದೆಯಲ್ಲ ಎಂದೂ ಕೇಳಿದರು. ಇದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಬಿಬ್ಲಿಯೋಥೆರಪಿ ಎಂಬ ಹೆಸರು 1916ರಲ್ಲಿ ಅಮೆರಿಕದ ಒಂದು ಪತ್ರಿಕೆಯ ಲೇಖನದಲ್ಲಿ ಬಂತು. ಇಂಗ್ಲೆಂಡಿನಲ್ಲಿ 2013ರಿಂದ ವೈದ್ಯರು ಚೀಟಿಯಲ್ಲಿ ಪುಸ್ತಕ ಬರೆದುಕೊಟ್ಟು, ಅದನ್ನು ಲೈಬ್ರರಿಯಿಂದ ತರುವ ವ್ಯವಸ್ಥೆಯೇ ಇದೆ. ಆದರೆ ಅಲ್ಲಿ ನೋವಿರುವವರು ತಾವಾಗಿ ಸಹಾಯ ಕೇಳಿಕೊಂಡು ಹೋಗಿರುತ್ತಾರೆ. ಊಟದ ತಟ್ಟೆ ಪಕ್ಕ ಯಾರೋ ತಂದಿಟ್ಟ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಇದೆ, ಅಲ್ವಾ? ನನ್ನ ಸಲಹೆ ಕಠಿಣ ಎಂದು ನನಗೂ ಗೊತ್ತಿತ್ತು. ಪುಸ್ತಕ ಎಂದರೆ ತಪ್ಪು ಎಂಬ ನಂಟು ಅವಳ ಮನಸ್ಸಿನಲ್ಲಿ ಕಳಚಲು ಅಷ್ಟು ಸಮಯ ಬೇಕು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಹಾಗಾದರೆ ಪುಸ್ತಕ ಸೂಚಿಸುವುದು ಹೇಗೆ? ತಂದೆ ಅದನ್ನೂ ಕೇಳಿದರು, ನೋಟ್‌ಬುಕ್ ತೆಗೆದು. ಈ ಭಾಗ ಅವರೊಬ್ಬರಿಗೆ ಅಲ್ಲ, ಓದುತ್ತಿರುವ ನಿಮಗೂ ಸೇರಿದ್ದು.

ಲೈಬ್ರರಿ ವಿಜ್ಞಾನದಲ್ಲಿ ಎಸ್.ಆರ್. ರಂಗನಾಥನ್ ಅವರದ್ದು ದೊಡ್ಡ ಹೆಸರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲೇ ಒಂದು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಐದು ಸೂತ್ರ ಬರೆದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ತಂದೆಗೆ ನಾನು ಬೆರಳಿಟ್ಟು ತೋರಿಸಿದ್ದು "ಅವನ" ಎಂಬ ಪದವನ್ನು. ಪುಸ್ತಕ ಓದುವವರದ್ದಾಗಬೇಕು. ನಮಗೆ ಅವರು ಹೇಗಿದ್ದರೆ ಇಷ್ಟವೋ ಆ ಲೆಕ್ಕದಲ್ಲಿ ಆರಿಸಬಾರದು.

ನಾನು ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಈಚೆಗೆ ಯಾವ ಕತೆ ನಿಮ್ಮ ನಿದ್ದೆ ಕೆಡಿಸಿತು? ಸಿನಿಮಾ ಆದರೂ ಸರಿ, ಸೀರಿಯಲ್ ಆದರೂ ಸರಿ, ಫೋನಿನಲ್ಲಿ ನೋಡಿದ್ದಾದರೂ ಸರಿ. ಉತ್ತರದಲ್ಲೇ ದಾರಿ ಸಿಗುತ್ತದೆ. ರಾತ್ರಿಯೆಲ್ಲ ಪ್ರಾಣಿಗಳ ವಿಡಿಯೋ ನೋಡುವ ಒಬ್ಬ ಹುಡುಗನಿಗೆ ತೇಜಸ್ವಿಯವರ ಕರ್ವಾಲೊ ಹೇಳಿದೆ. ಜೇನಿನಿಂದ ಶುರುವಾಗಿ ಹಾರುವ ಓತಿಯ ಹಿಂದೆ ಕಾಡು ನುಗ್ಗುವ ಕತೆ. ಸಾಹಿತ್ಯ ಎಂಬ ಪದವನ್ನೇ ಎತ್ತಲಿಲ್ಲ. "ಮಂದಣ್ಣ ಅಂತ ಒಬ್ಬ ಬರ್ತಾನೆ, ಅವನಿಗೋಸ್ಕರ ಓದು" ಎಂದೆ. ಮನೆಯೊಳಗಿನ ಪಿತೂರಿಯ ಸೀರಿಯಲ್ ಬಿಡದೆ ನೋಡುವವರಿಗೆ ವಿವೇಕ ಶಾನಭಾಗರ ಘಾಚರ್ ಘೋಚರ್ ಸರಿ ಹೋಗುತ್ತದೆ. ನಮ್ಮ ಬೆಂಗಳೂರಿನದೇ ಕತೆ, ಕಾಫಿ ಹೌಸಿನಲ್ಲಿ ಶುರುವಾಗುತ್ತದೆ, ಒಂದು ಭಾನುವಾರ ಸಾಕು. ಟ್ರೆಕ್ಕಿಂಗ್ ಹೋಗುವವರು ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಹಿಡಿದರೆ ಬಿಡುವುದಿಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತಾ ಕಾಡು ಸುತ್ತುತ್ತಾರೆ, ನಗು ಉಕ್ಕುತ್ತದೆ. ಕೋಟೆ ಕೊತ್ತಲ, ಯುದ್ಧ ಬೇಕು ಎನ್ನುವವರಿಗೆ ತ.ರಾ.ಸು. ಅವರ ದುರ್ಗಾಸ್ತಮಾನ. ಅದು ದಪ್ಪ ಪುಸ್ತಕ, ಮೊದಲೇ ಹೇಳಿಬಿಡಬೇಕು.

ಒಂದನ್ನೇ ಮುಂದೆ ಹಿಡಿದರೆ ಪರೀಕ್ಷೆ ಆಗಿಬಿಡುತ್ತದೆ. ಎರಡು ಮೂರು ಬೇರೆ ಬೇರೆ ತರಹದ್ದು ಇಡಿ, ಅವರೇ ಆರಿಸಲಿ. "ಶ್ರೇಷ್ಠ ಕೃತಿ" ಎನ್ನಬೇಡಿ. ಅದನ್ನು ಕೇಳಿದ ತಕ್ಷಣ ಕೇಳುವವರ ಮುಖ ಮುಚ್ಚಿಕೊಳ್ಳುವುದನ್ನು ನಾನು ಎದುರೇ ಕೂತು ನೋಡಿದ್ದೇನೆ. ಓದುವಾಗ ನಿಮಗೆ ಏನಾಯಿತು, ಎಲ್ಲಿ ನಕ್ಕಿರಿ, ಎಲ್ಲಿ ಬಸ್ ಸ್ಟಾಪ್ ತಪ್ಪಿಸಿಕೊಂಡಿರಿ, ಅದನ್ನು ಹೇಳಿ. ಐವತ್ತು ಪುಟಕ್ಕೆ ಬಿಟ್ಟರೆ ಬಿಡಲಿ. ಇನ್ನು "ಓದಿದ್ಯಾ?" ಎಂದು ಕೇಳುವ ಚಟ. ಇದರಿಂದ ಹಾಳಾದಷ್ಟು ಪುಸ್ತಕ ಗೆದ್ದಲಿನಿಂದಲೂ ಹಾಳಾಗಿರಲಿಕ್ಕಿಲ್ಲ. ಕೊಟ್ಟ ಮೇಲೆ ಮರೆತುಬಿಡಿ.

ತಂದೆ ಎಲ್ಲ ಬರೆದುಕೊಂಡರು. "ಮೊದಲ ಪುಟದಲ್ಲಿ ಏನೂ ಬರೀಬಾರದಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಬರೆಯಿರಿ ಸರ್, ನಿಮಗೆ ಇಷ್ಟವಾದ ಪುಟದ ನಂಬರು ಮಾತ್ರ ಬರೆಯಿರಿ ಎಂದೆ.

ಮಗಳು ಅಪ್ಪನಿಗೆ ಕೊಟ್ಟದ್ದು ಒಂದು ಜಪಾನಿ ಚಿತ್ರಕತೆ. ಇಂಗ್ಲಿಷಿಗೆ ತಂದದ್ದು, ವಾಲಿಬಾಲ್ ಆಡುವ ಹುಡುಗರದ್ದು. ಹದಿನೈದು ದಿನ ಬಿಟ್ಟು ಬಂದಾಗ ಅವರು ಸ್ವಲ್ಪ ಬೇಸರದಲ್ಲೇ ಇದ್ದರು. ಎರಡು ದಿನ ಕಷ್ಟಪಟ್ಟು ಓದಿದರಂತೆ, ತಲೆಬುಡ ತಿಳಿಯಲಿಲ್ಲವಂತೆ. ಮಗಳನ್ನು ಕೇಳಲು ಸಂಕೋಚ. ಮೂರನೇ ದಿನ ರಾತ್ರಿ ಅವಳೇ ನೋಡಿ, "ಅಪ್ಪಾ, ಇದನ್ನ ಹಿಂದಿನಿಂದ ಓದಬೇಕು. ಬಲದಿಂದ ಎಡಕ್ಕೆ" ಎಂದು ಪಕ್ಕದಲ್ಲಿ ಕೂತಳು. ಒಂದೊಂದು ಚೌಕದ ಮೇಲೂ ಬೆರಳು ಇಡುತ್ತಾ, ಮೊದಲು ಇದು, ಆಮೇಲೆ ಇದು, ಆಮೇಲೆ ಕೆಳಗೆ ಎಂದು ತೋರಿಸಿದಳು. ಹತ್ತು ಪುಟ ಹಾಗೇ ನಡೆಯಿತಂತೆ. "ಅವಳು ಒಂದನೇ ಕ್ಲಾಸಲ್ಲಿದ್ದಾಗ ನಾನು ಹೀಗೇ ಬೆರಳಿಟ್ಟು ತೋರಿಸ್ತಿದ್ದೆ ಮೇಡಂ" ಎಂದವರು ಮುಂದೆ ಮಾತಾಡಲಿಲ್ಲ.

ಈಗ ನಾಲ್ಕು ತಿಂಗಳಾಯಿತು. ಮದುವೆ ವಿಷಯ ಇತ್ಯರ್ಥ ಆಗಿಲ್ಲ. ಒಂದು ಸಲ ಅದರ ಮೇಲೆ ಜೋರು ಜಗಳವೂ ಆಗಿದೆ, ಬಾಯಲ್ಲೇ. ಹೋದ ಭಾನುವಾರ ಇಬ್ಬರೂ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಚರ್ಚ್ ಸ್ಟ್ರೀಟಿನ ಪುಸ್ತಕದ ಅಂಗಡಿಗೆ ಹೋಗಿದ್ದರು. ವಾಲಿಬಾಲ್ ಹುಡುಗರ ನಾಲ್ಕನೇ ಭಾಗ ಬೇಕಾಗಿತ್ತು, ಅಪ್ಪನಿಗೆ.

ಏಳು ಪುಸ್ತಕದಲ್ಲಿ ಆರನ್ನು ಮಗಳು ಅಪ್ಪನ ಕಪಾಟಿಗೆ ವಾಪಸ್ ಇಟ್ಟಳಂತೆ. ಕಗ್ಗ ಮಾತ್ರ ಅವಳ ಕೋಣೆಯಲ್ಲೇ ಇದೆ. ಓದಲು ಶುರು ಮಾಡಿದೆಯಾ ಎಂದು ನಾನು ಕೇಳಲಿಲ್ಲ.