ಬಿಸಿಯಾದರೆ ನಿಲ್ಲುವ, ತಣ್ಣಗಾದರೆ ಸ್ಟಾರ್ಟ್ ಆಗುವ ಹಳೇ ಮಾರುತಿ 800: ತೊಂದರೆ ಎಲ್ಲಿ?

ನಿಮ್ಮ ಮಾರುತಿ 800ರಲ್ಲಿ ಪಾಯಿಂಟ್ ಇಲ್ಲದ, ಅಂದರೆ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಭಾಗ), ಮುಕ್ಕಾಲು ಗಂಟೆ ಓಡಿಸಿದರೆ ಗಕ್ಕನೆ ಆಫ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿಸಿದರೂ ಉಪಯೋಗ ಇಲ್ಲ ಅಂತ ಬರೆದಿದ್ದೀರಿ. ನನ್ನ 800ದೂ ಇದೇ ಕತೆ. ಉಡುಪಿಯಿಂದ ತೀರ್ಥಹಳ್ಳಿಗೆ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲೇ ನಿಂತುಬಿಟ್ಟಿತ್ತು. ಹಿಂದೆ ಬಸ್ಸಿನವರ ಹಾರನ್ನು, ಕಟ್ಟೆ ಮೇಲೆ ಮಂಗಗಳು. ಎಳೆಸಿಕೊಂಡು ಗ್ಯಾರೇಜ್ ಮುಟ್ಟಿದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್! ಮೆಕ್ಯಾನಿಕ್ ನಕ್ಕು ಕಳಿಸಿದರು.

ಹಾಗಾಗಿ ಗಾಡಿ ನಿಂತಲ್ಲೇ, ಬಿಸಿ ಇರುವಾಗಲೇ ನೋಡಬೇಕು. ಒಂದು ಹಳೇ ಪ್ಲಗ್, ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್ ಗಾಡಿಯಲ್ಲೇ ಇರಲಿ.

ಒಂದು ಪ್ಲಗ್ ವೈರ್ ಕಿತ್ತು ಹಳೇ ಪ್ಲಗ್‌ಗೆ ಸಿಕ್ಕಿಸಿ. ಪ್ಲಗ್‌ನ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗುವ ಹಾಗೆ ಕಟ್ಟಿ, ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. ಪೆಟ್ರೋಲ್ ವಾಸನೆ ಇದ್ದರೆ ಬೇಡ. ಕೈಯಲ್ಲಂತೂ ಹಿಡಿಯಲೇಬೇಡಿ, 20,000 ವೋಲ್ಟ್ ದಾಟುತ್ತದೆ. ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಇಗ್ನೈಟರ್ ಮಾಡ್ಯೂಲೇ (ಕಿಡಿಗಾಗಿ ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಸುಟ್ಟುಹೋಗಬಹುದು. ಕಿಡಿ ಚೆನ್ನಾಗಿ ಹಾರಿದರೆ ಪೆಟ್ರೋಲ್ ಕಡೆ ಹುಡುಕಿ.

ಕಿಡಿ ಇಲ್ಲವಾ? ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಕೀ ಆನ್ ಮಾಡಿ, ಇಗ್ನಿಷನ್ ಕಾಯಿಲ್‌ನ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಪ್ಲಸ್‌ಗೆ ಮುಟ್ಟಿಸಿ. ಉರಿಯದಿದ್ದರೆ ಫ್ಯೂಸ್, ಕೀ ಸ್ವಿಚ್, ವೈರಿಂಗ್ ನೋಡಿ. ಉರಿದರೆ ಮೈನಸ್‌ಗೆ ಮುಟ್ಟಿಸಿ ಸೆಲ್ಫ್ ಹೊಡೆಸಿ. ಮಿಣಮಿಣ ಅಂದರೆ ಮಾಡ್ಯೂಲ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಕಾಯಿಲ್, ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ಅಂದರೆ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಮೇಲೆ ಅನುಮಾನ. ಮಿಣುಕದೆ ಒಂದೇ ಸಮ ಉರಿಯುತ್ತಿದ್ದರೆ ಪಿಕಪ್ ಕಾಯಿಲ್ (ಡಿಸ್ಟ್ರಿಬ್ಯೂಟರ್ ಒಳಗಿದ್ದು ಯಾವಾಗ ಕಿಡಿ ಬೇಕು ಅಂತ ಮಾಡ್ಯೂಲ್‌ಗೆ ಸೂಚನೆ ಕೊಡುವುದು) ಅಥವಾ ಇಗ್ನೈಟರ್ ಮಾಡ್ಯೂಲ್.

ನನ್ನದು ಒಂದೇ ಸಮ ಉರಿಯಿತು. ಮನೆಗೆ ಬಂದು ಅಂಗಳದಲ್ಲಿ ಎಂಜಿನ್ ಓಡಿಸುತ್ತಾ ಡಿಸ್ಟ್ರಿಬ್ಯೂಟರ್‌ಗೆ ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಸ್ವಲ್ಪ ಹೊತ್ತಿಗೆ ಎಂಜಿನ್ ಆಫ್! ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಡ್ರೈಯರ್‌ಗೆ ಗ್ರೀಸ್ ಮೆತ್ತಿದ್ದಕ್ಕೆ ಬೈಸಿಕೊಂಡಿದ್ದು ಬೇರೆ ಮಾತು. ಬಿಸಿಯಲ್ಲೇ ಮಲ್ಟಿಮೀಟರ್ ಹಿಡಿದಾಗ ಪಿಕಪ್ ಕಾಯಿಲ್ ಕಟ್ ಆಗಿರಲಿಲ್ಲ. ಉಳಿದದ್ದು ಮಾಡ್ಯೂಲ್. ಬದಲಾಯಿಸಿದ ಮೇಲೆ ಸರಿಯಾಯಿತು. ಹೊಸದು ಕೂರಿಸುವಾಗ ಹಿಂಬದಿಗೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿಸಿ, ಇಲ್ಲದಿದ್ದರೆ ಅದೂ ಬಿಸಿಗೆ ಹಾಳಾಗುತ್ತದೆ.

ನಮ್ಮ ಕಡೆ ಮಳೆಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿರುವುದು ಬೇರೆಯೇ ಕಾಯಿಲೆ. ಅದು ಜಾಸ್ತಿ ಕ್ಯಾಪ್ ಒಳಗಿನ ತೇವದ ಕೆಲಸ. ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಆಮೇಲೂ ಕಾಟ ಕೊಟ್ಟರೆ ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಸೀಳಿದ ವೈರ್ ಇದ್ದರೆ ನೀಲಿ ಕಿಡಿ ತಾನಾಗಿ ಕಾಣುತ್ತದೆ.