ಅಮೆರಿಕದ ನಾಸ್ಕಾರ್ ಕಾರ್ ರೇಸಿನಲ್ಲಿ ಅಷ್ಟೊಂದು ಗೆದ್ದ ಹಡ್ಸನ್ ಕಾರು ಕಂಪನಿ ಮುಚ್ಚಿದ್ದು ಯಾಕೆ?

ಮೊದಲು ಗೆದ್ದಿದ್ದು ಹೇಗೆ ಅಂತ ನೋಡೋಣ. ಡೆಟ್ರಾಯಿಟ್‌ನ ಹಡ್ಸನ್ ಕಂಪನಿ 1951ರ ಮಾದರಿಯಾಗಿ ಹಾರ್ನೆಟ್ ಕಾರನ್ನು ತಂದಿತು. ಅದರ ನೆಲವನ್ನು ಚಾಸಿಯ (ಕಾರಿನ ಅಡಿಯ ಚೌಕಟ್ಟು) ಮೇಲೆ ಕೂರಿಸಿರಲಿಲ್ಲ, ಚೌಕಟ್ಟಿನ ಪಟ್ಟಿಗಳ ನಡುವೆ ಇಳಿಬಿಟ್ಟಿದ್ದರು. ಕಾರಿನೊಳಗೆ ಒಂದು ಮೆಟ್ಟಿಲು ಕೆಳಗಿಳಿದೇ ಕೂರಬೇಕು. ಹಾಗಾಗಿ ಭಾರವೆಲ್ಲ ನೆಲದ ಹತ್ತಿರ ಉಳಿಯಿತು. ಆಗ ಹೆಚ್ಚಿನ ರೇಸುಗಳು ಮಣ್ಣಿನ ಟ್ರ್ಯಾಕಿನಲ್ಲೇ ನಡೆಯುತ್ತಿದ್ದವು. ಅಲ್ಲಿ ತಿರುವಿನಲ್ಲಿ ಕಾರು ವಾಲದೆ ನಿಲ್ಲುವುದೇ ದೊಡ್ಡ ಲಾಭ, ಅಲ್ವಾ?

ಎಂಜಿನ್ ಸಾಲಾಗಿ ಆರು ಸಿಲಿಂಡರ್ ಇದ್ದ, ಸುಮಾರು 5 ಲೀಟರಿನದು. ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇದ್ದ ಹೊಸ ವಿ8 ಎಂಜಿನ್‌ಗಳ ಮುಂದೆ ಹಳೇ ಕಾಲದ್ದು ಅನಿಸಿದರೂ ಎಳೆಯುವ ಶಕ್ತಿ ಜಾಸ್ತಿ ಇತ್ತು. ಚಾಲಕ ಮಾರ್ಷಲ್ ಟೀಗ್ ಕಂಪನಿಯನ್ನು ಒಪ್ಪಿಸಿ ರೇಸಿಗೆ ಎಳೆದು ತಂದರು. ಮೆಕ್ಯಾನಿಕ್ ಸ್ಮೋಕಿ ಯೂನಿಕ್ ಕೈಚಳಕವನ್ನಂತೂ ಮರೆಯುವ ಹಾಗಿಲ್ಲ. 1952ರಲ್ಲಿ 34 ರೇಸುಗಳಲ್ಲಿ 27 ಹಡ್ಸನ್ ಪಾಲಾದವು! ಆ ವರ್ಷ ಟಿಮ್ ಫ್ಲಾಕ್, 1953ರಲ್ಲಿ ಹರ್ಬ್ ಥಾಮಸ್ ಚಾಂಪಿಯನ್ ಆದರು.

ಆದರೆ ಗೆಲುವು ಮಾರಾಟವನ್ನು ಉಳಿಸಲಿಲ್ಲ. ಕಾರಿನ ಬಾಡಿ, ಚಾಸಿ ಎರಡೂ ಒಂದೇ ಆಗಿದ್ದರಿಂದ ರೂಪ ಬದಲಿಸುವುದು ದುಬಾರಿ. ದೊಡ್ಡ ಕಂಪನಿಗಳು ಮೇಲಿಂದ ಮೇಲೆ ಹೊಸ ರೂಪ ತರುತ್ತಿದ್ದರೆ ಹಡ್ಸನ್ 1948ರ ಆಕಾರದಲ್ಲೇ ಉಳಿಯಿತು. ಇದ್ದ ದುಡ್ಡನ್ನು ಜೆಟ್ ಎಂಬ ಸಣ್ಣ ಕಾರಿಗೆ ಸುರಿದರು. ಅದೂ ಹೆಚ್ಚು ಮಾರಾಟವಾಗಲಿಲ್ಲ. ನನ್ನ ಪ್ರಕಾರ ದೊಡ್ಡ ತಪ್ಪು ಇದೇ. 1954ರಲ್ಲಿ ಹಡ್ಸನ್, ನ್ಯಾಶ್-ಕೆಲ್ವಿನೇಟರ್ ಎಂಬ ಇನ್ನೊಂದು ಕಂಪನಿಯ ಜೊತೆ ಸೇರಿ ಅಮೆರಿಕನ್ ಮೋಟರ್ಸ್ ಎಂಬ ಹೊಸ ಕಂಪನಿ ಆಯಿತು. 1957ರ ನಂತರ ಹಡ್ಸನ್ ಹೆಸರಿನ ಕಾರು ಬರಲಿಲ್ಲ.