ಅರ್ಧವೋ ಪೂರ್ತಿಯೋ ಎಂಬುದಕ್ಕೆ ಮೊದಲು, ಮೇಲೆ ತೊಲೆ ಇದೆಯೇ ನೋಡಿ

ಮುಂಬೈ ಬಳಿಯ ಡೊಂಬಿವಲಿಯ ಹಳೆಯ ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವಿನ ನಾಲ್ಕೂವರೆ ಇಂಚಿನ ಗೋಡೆಯನ್ನು ಪೂರ್ತಿ ತೆಗೆಸುವುದೋ, ಅರ್ಧ ಉಳಿಸುವುದೋ ಎಂದು ಕೇಳಿದ್ದೀರಿ. 2014ರಲ್ಲಿ ಮುಂಬೈಯ ಮುಲುಂಡ್‌ನಲ್ಲಿ ನಾನೂ ಇದನ್ನೇ ಕೇಳಿದ್ದೆ, ಅದೂ ಗೋಡೆ ಒಡೆಯುವ ಗುತ್ತಿಗೆದಾರನನ್ನೇ.

ನಮ್ಮದು ಗೋಡೆಗಳೇ ಭಾರ ಹೊರುವ ಹಳೆಯ ಕಟ್ಟಡ. ಒಂಬತ್ತು ಇಂಚಿನ ಗೋಡೆ ಭಾರ ಹೊರುತ್ತದೆ, ನಾಲ್ಕೂವರೆ ಇಂಚಿನದು ಬರೀ ಅಡ್ಡಗೋಡೆ ಎಂದು ಆತ ಹೇಳಿದ. ನಾನು ಟೇಪು ಹಿಡಿದು ಅಳೆದು ನಂಬಿದೆ. ತಪ್ಪಿದ್ದು ಇಲ್ಲಿಯೇ. ಗೋಡೆಯ ದಪ್ಪವನ್ನು ನೋಡಿದೆನೇ ಹೊರತು, ಅದರ ನೆತ್ತಿಯ ಮೇಲೆ ತೊಲೆ ಇದೆಯೇ, ಮೇಲಿನ ಮನೆಯಲ್ಲಿ ಅದೇ ಜಾಗದಲ್ಲಿ ಏನಿದೆ ಎಂದು ನೋಡಲಿಲ್ಲ. ಅಲ್ಲಿಯೂ ಅಡುಗೆಮನೆಯ ಗೋಡೆ ನಮ್ಮ ಗೋಡೆಯ ನೇರಕ್ಕೇ ನಿಂತಿತ್ತು. ನಡುವೆ ತೊಲೆಯಿಲ್ಲದೆ ಬರೀ ಸ್ಲ್ಯಾಬ್ ಇದ್ದುದರಿಂದ ಆ ಗೋಡೆಯ ಭಾರವೆಲ್ಲ ನಮ್ಮ ತೆಳು ಗೋಡೆಗೇ ಇಳಿಯುತ್ತಿತ್ತು. ಒಂದು ಮಹಡಿ ಹತ್ತಿ ಬಾಗಿಲು ತಟ್ಟಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿ ಇದು.

ಗೋಡೆ ಒಡೆದ ಮೂರನೆಯ ದಿನ ಮೇಲಿನ ಮನೆಯ ಅಜ್ಜಿ, ಅಡುಗೆಮನೆಯ ಬಾಗಿಲು ಹಾಕಲು ಬರುತ್ತಿಲ್ಲ ಎಂದು ಕರೆದರು. ಚೌಕಟ್ಟಿನ ಮೂಲೆಯಿಂದ ಕೂದಲೆಳೆಯಂಥ ಬಿರುಕು ಓರೆಯಾಗಿ ಮೇಲೇರಿತ್ತು. ಸಂಜೆ ಬಂದ ಸ್ಟ್ರಕ್ಚರಲ್ ಇಂಜಿನಿಯರ್ ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದರು. ರಾತ್ರಿಯೇ ನಮ್ಮ ಹಾಲ್‌ನಲ್ಲಿ ಕಬ್ಬಿಣದ ಟೇಕು ಕೊಡಿಸಿದರು. ಬೆಳಿಗ್ಗೆ ಬಿರುಕು ಆ ಗೆರೆ ದಾಟಿರಲಿಲ್ಲವೆಂದು ಕಂಡ ಮೇಲೆಯೇ ನನಗೆ ಉಸಿರು ಬಂತು. ಗೋಡೆಯ ಬದಲು ಭಾರ ಹೊರುವ ಗರ್ಡರ್ ಕೂರಿಸುವವರೆಗೆ ಆ ವೃದ್ಧೆ ಮಗಳ ಮನೆಯಲ್ಲಿರಬೇಕಾಯಿತು. 2017ರ ಜುಲೈ 25ರಂದು ಮುಂಬೈಯ ಘಾಟ್‌ಕೋಪರ್‌ನಲ್ಲಿ ನಾಲ್ಕು ಮಹಡಿಯ ಕಟ್ಟಡ ಕುಸಿದು 17 ಜನ ಸತ್ತು, ನೆಲಮಹಡಿಯಲ್ಲಿ ನಡೆದಿದ್ದ ನವೀಕರಣದ ಮೇಲೆ ಆರೋಪ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪೆನ್ಸಿಲ್ ಗೆರೆ.

ಹಾಗಾಗಿ ಅರ್ಧವೋ ಪೂರ್ತಿಯೋ ಎಂಬುದು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಸೊಂಟದೆತ್ತರದ ಗೋಡೆ ಸ್ಲ್ಯಾಬಿಗೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಸೊಸೈಟಿಯಲ್ಲಿ ಮೂಲ ನಕ್ಷೆಯನ್ನೂ, 30 ವರ್ಷ ದಾಟಿದ ಕಟ್ಟಡವಾದರೆ ಕಡ್ಡಾಯವಾಗಿರುವ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ವರದಿಯನ್ನೂ ಕೇಳಿ. ಮೇಲಿನ, ಕೆಳಗಿನ ಮನೆಗಳನ್ನು ನೋಡಿ. ಗುತ್ತಿಗೆದಾರ ಕರೆತಂದವರನ್ನು ಬಿಟ್ಟು, ಪರವಾನಗಿಯುಳ್ಳ ಬೇರೆ ಇಂಜಿನಿಯರ್ ಒಬ್ಬರಿಂದ ಅಭಿಪ್ರಾಯವನ್ನು ಬರಹದಲ್ಲಿಯೇ ಪಡೆಯಿರಿ. ನಿಮ್ಮದೂ ಗೋಡೆಗಳೇ ಭಾರ ಹೊರುವ ಕಟ್ಟಡವೆಂದಾದರೆ ದಯವಿಟ್ಟು ಗೋಡೆ ಮುಟ್ಟಬೇಡಿ. ಅಡುಗೆಕಟ್ಟೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಕಟ್ಟಿಸಿಕೊಳ್ಳಿ.